ಗಂಗರತ್ನಮ್ಮನ ಮೊದಲ ಗುಟುಕು

ಗಂಗರತ್ನಮ್ಮ ಯಾರನ್ನೂ ನಂಬುವ ಹೆಂಗಸಲ್ಲ. ದೇವರನ್ನು ನಂಬುತ್ತಾಳೆ, ಅದೂ ಮಂಗಳಾರತಿ ತಟ್ಟೆ ಹಿಡಿದ ಪೂಜಾರಿಯ ಕೈಯ ಮೇಲೆ ಒಂದು ಕಣ್ಣಿಟ್ಟುಕೊಂಡು. ಬಂಗಾರಪೇಟೆ ಪಕ್ಕದ ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಇಂಥ ಕೆಲಸಕ್ಕೆ ಇಂಥವಳನ್ನೇ ಹುಡುಕಿ ಕೂರಿಸಿದ ಪುಣ್ಯಾತ್ಮರು ಯಾರೋ, ಊರಿನವರು ಇವತ್ತಿಗೂ ಅವರಿಗೆ ಶಾಪ ಹಾಕುತ್ತಾರೆ. ಈಗ ಡೈರಿಗೆ ಮಿಷನ್ ಬಂದಿದೆ. ಹಾಲಿಟ್ಟರೆ ಕೊಬ್ಬೆಷ್ಟು, ನೀರೆಷ್ಟು ಅಂತ ಅದೇ ತೋರಿಸುತ್ತದೆ. ಮಿಷನ್ ಒಪ್ಪಿದರೆ ಆಯಿತೇ, ಗಂಗರತ್ನಮ್ಮ ಒಪ್ಪಬೇಕಲ್ಲ. ಒಂದು ಹನಿ ತೆಗೆದು ಹೆಬ್ಬೆರಳ ಉಗುರಿನ ಮೇಲೆ ಬಿಡುತ್ತಾಳೆ. ಹನಿ ನಿಂತರೆ ಬಚಾವು, ಜಾರಿದರೆ ಮುಗಿಯಿತು. ಆಮೇಲೆ ಮೂಸುತ್ತಾಳೆ, ಬೆಳಕಿಗೆ ಹಿಡಿದು ನೋಡುತ್ತಾಳೆ.

"ಏನೂ ಆಕಿಲ್ಲಕ್ಕ, ನಮ್ಮಮ್ಮನಾಣೆ. ಬೇಕಾದ್ರೆ ನಾನೇ ಕುಡ್ದು ತೋರಿಸ್ತೀನಿ" ಅನ್ನುತ್ತಾರೆ ಹಾಲು ತಂದವರು.

"ಎಲ್ರೂ ಅಂಗೇ ಅನ್ನೋದು. ಕುಡಿ, ನೋಡಾನ" ಅನ್ನುತ್ತಾಳೆ ಇವಳು. ಕುಡಿಸಿಯೂ ಬಿಡುತ್ತಾಳೆ.

ಈ ಗುಣ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳು ಚಿಕ್ಕವಳಿದ್ದಾಗ ಅವಳ ತಾಯಿ ನೆಂಟರ ಮನೆಯಲ್ಲಿ ಉಂಡು ಬಂದು, ಹೊಟ್ಟೆ ಹಿಡಿದುಕೊಂಡು ಮಲಗಿದವಳು ಮತ್ತೆ ಏಳಲಿಲ್ಲ. ಕರುಳಿನ ಕಾಯಿಲೆಯೋ ಏನೋ, ಆಗ ಆಸ್ಪತ್ರೆಗೆ ತೋರಿಸಿದವರು ಯಾರು? ಮದ್ದು ಹಾಕಿದ್ದಾರೆ ಅಂತ ಊರಿಗೆ ಊರೇ ಅಂದಿತು. ಈ ಸೀಮೆಯಲ್ಲಿ ಹಾಗೊಂದು ನಂಬಿಕೆ ಉಂಟು. ಆಗದವರು ಅನ್ನದಲ್ಲೋ ಕಾಫಿಯಲ್ಲೋ ಗುಟ್ಟಾಗಿ ಮದ್ದು ಬೆರೆಸಿ ಕೊಡುತ್ತಾರೆ. ಒಲಿಸಿಕೊಳ್ಳುವುದಕ್ಕೆ ಒಂದು ಬಗೆ, ಸಣ್ಣಗೆ ಸವೆಸಿ ಸಾಯಿಸುವುದಕ್ಕೆ ಇನ್ನೊಂದು ಬಗೆ ಅಂತ. ಅವತ್ತಿನಿಂದ ಗಂಗರತ್ನಮ್ಮ ಬೇರೆಯವರ ಮನೆಯಲ್ಲಿ ನೀರು ಕುಡಿಯಬೇಕಾದರೂ ಮೊದಲು ಲೋಟದ ತಳ ನೋಡುತ್ತಾಳೆ. ಅನುಮಾನಂ ಪೆದ್ದ ರೋಗಂ ಅನ್ನುತ್ತಾರಲ್ಲ, ಆ ರೋಗವನ್ನು ಅವಳು ಅಪ್ಪ ಕೊಟ್ಟ ಆಸ್ತಿಯ ಹಾಗೆ ಜೋಪಾನ ಮಾಡಿಕೊಂಡು ಬಂದಳು.

ಸೀನಪ್ಪನನ್ನು ಕಟ್ಟಿಕೊಂಡದ್ದೂ ಅದೇ ಕಾರಣಕ್ಕೆ. ಸೀನಪ್ಪ ಅವಳ ತಾಯಿಯ ಒಡಹುಟ್ಟಿದ ತಮ್ಮ, ಸ್ವಂತ ಸೋದರಮಾವ. ಅಕ್ಕ ಸತ್ತಾಗ ಇವಳಿಗಿಂತ ಹೆಚ್ಚು ಅತ್ತವನು. ಈ ಭೂಮಿಯ ಮೇಲೆ ನನಗೆ ಮದ್ದು ಹಾಕದವನು ಇವನೊಬ್ಬನೇ ಅಂತ ಲೆಕ್ಕ ಹಾಕಿಯೇ ಅವಳು ತಾಳಿಗೆ ಕತ್ತು ಒಡ್ಡಿದ್ದು. ಅಷ್ಟು ನಂಬಿಕೆಗೆ ಅವಳು ಕೊಟ್ಟ ಪ್ರತಿಫಲ ಒಂದು ಲೋಟ ಟೀ. ಬೆಳಗಿನ ಜಾವ ಹಸು ಕರೆದು, ಹಾಲಿನ ಬಿಸಿ ಆರುವ ಮೊದಲೇ ಒಲೆಗಿಟ್ಟು, ಒಂದು ತೊಟ್ಟೂ ನೀರು ಸೋಕಿಸದೆ ಕುದಿಸಿದ ಟೀ. ಊರಿನವರ ನೀರುಹಾಲು ನೋಡಿ ನೋಡಿ ರೋಸಿಹೋದ ಹೆಂಗಸು ತನ್ನ ಗಂಡನಿಗೆ ಮಾತ್ರ ಅಪ್ಪಟ ಹಾಲು ಕುಡಿಸುತ್ತೇನೆ ಅಂತ ಹಟ ತೊಟ್ಟಿದ್ದಳು. ಅದರ ಮೇಲೆ ಕೆನೆ ಕಟ್ಟಿದರೆ ಅವಳಿಗೆ ಹಬ್ಬ. ಸೀನಪ್ಪ ಅದನ್ನು ಕುಡಿದು, ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು, ಮುಚ್ಚಿಹೋದ ಚಿನ್ನದ ಗಣಿಯ ಹಳೇ ಕಟ್ಟಡವೊಂದರ ಗೇಟಿನಲ್ಲಿ ವಾಚ್‌ಮನ್ ಆಗಿ ಕೂರುತ್ತಿದ್ದ. ಒಳಗೆ ಕಾಯುವುದಕ್ಕೆ ಏನೂ ಇಲ್ಲ. ಆದರೂ ಕಾಯಬೇಕು, ಅದು ಅವನ ಕೆಲಸ.

ಈ ವರ್ಷ ಮಾವಿನಕಾಯಿ ಬಲಿಯುವ ಹೊತ್ತಿಗೆ ಸೀನಪ್ಪ ಬದಲಾದ.

ಮೊದಲು ಲೋಟದಲ್ಲಿ ಎರಡು ಗುಟುಕು ಟೀ ಉಳಿಯಿತು. ಆಮೇಲೆ ಅರ್ಧ ಉಳಿಯಿತು. "ರೈಲಿಗೆ ಒತ್ತಾಯ್ತು ರತ್ನ" ಅನ್ನುತ್ತಿದ್ದ. ರೈಲು ಇಷ್ಟು ವರ್ಷ ಇರಲಿಲ್ಲವೇ? ವರ್ಷಗಟ್ಟಲೆ ಬತ್ತಿದ ಕೆನ್ನೆ ಇಟ್ಟುಕೊಂಡು, ತೇಗುತ್ತ, ಹೊಟ್ಟೆ ನೀವಿಕೊಳ್ಳುತ್ತ ಓಡಾಡುತ್ತಿದ್ದ ಮನುಷ್ಯ ಈಗ ಮೈ ತುಂಬಿಕೊಂಡ. ಹಿತ್ತಲಲ್ಲಿ ಮುಖ ತೊಳೆಯುವಾಗ ಯಾವುದೋ ಹಳೇ ತೆಲುಗು ಹಾಡು ಗುನುಗಿದ. ಬೇರೆ ಹೆಂಡತಿಯಾಗಿದ್ದರೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಗಂಗರತ್ನಮ್ಮನಿಗೆ ಹೊಟ್ಟೆಗೆ ಬೆಂಕಿ ಬಿತ್ತು. ಗಂಡಸು ಈ ವಯಸ್ಸಿನಲ್ಲಿ ಕಾರಣವಿಲ್ಲದೆ ಕಳೆಕಳೆಯಾಗುತ್ತಾನೆಯೇ?

ಅವನ ಮೀಸೆಯಲ್ಲಿ ವಾಸನೆಯೊಂದು ಕೂತಿತ್ತು. ಬೀಡಿಯಲ್ಲ, ಹೆಂಡವಲ್ಲ. ಬಾಣಲೆಯಲ್ಲಿ ಅಕ್ಕಿ ಹುರಿದ ವಾಸನೆ. ಹುರಿದ ಅಕ್ಕಿಯ ಹಿಂದೆ ಎಂಥದೋ ಹಸಿರು ಸೊಪ್ಪಿನ ಒಗರು. ಅಂಗಿ ಒಗೆಯುವಾಗ ಮೂಸಿದಳು, ಟವೆಲ್ ಮೂಸಿದಳು. ಎಲ್ಲ ಕಡೆ ಅದೇ.

"ಎಲ್ಲೋಗಿದ್ದೆ ಮಾವ?"

"ಡ್ಯೂಟಿಗೆ."

"ಡ್ಯೂಟೀಲಿ ಅಕ್ಕಿ ಉರೀತಾರಾ?"

ಸೀನಪ್ಪ ನಕ್ಕ. ಆ ನಗು ಅವಳಿಗೆ ಸುತರಾಂ ಹಿಡಿಸಲಿಲ್ಲ.

ಉರಿಯುವ ಒಲೆಗೆ ತುಪ್ಪ ಹೊಯ್ಯುವುದಕ್ಕೆ ಅಂಬಿಕ ಬಂದಳು. ಡೈರಿಗೆ ಹಾಲು ಹಾಕುವ ಈ ಅಂಬಿಕನ ಹಾಲನ್ನು ಗಂಗರತ್ನಮ್ಮ ಹಿಂದಿನ ವಾರವಷ್ಟೇ ವಾಪಸ್ ಕಳಿಸಿದ್ದಳು. ಸೇಡು ತೀರಿಸಿಕೊಳ್ಳಲು ಬಂದಳೋ, ಪಾಪ ಸುಮ್ಮನೆ ಬಂದಳೋ, ಅಂತೂ ಮೆಲ್ಲಗೆ ಹೇಳಿದಳು. "ತಪ್ಪು ತಿಳ್ಕೋಬೇಡಕ್ಕ. ಊರಿಗಾಂ ಲೈನ್ ಮನೆ ತಾವ ಒಬ್ಳು ತಮಿಳ್ರಾಕೆ ಇಡ್ಲಿ ಮಾಡ್ತಾಳೆ ನೋಡು, ರಾಧ ಅಂತ. ಗಂಡ ಇಲ್ವಂತೆ. ನಮ್ ಸೀನಪ್ಪಣ್ಣ ಅವ್ರ ಜಗುಲಿ ಮೇಲೆ ಕುಂತ್ಕೊಂಡು ಏನೋ ಕುಡೀತಿತ್ತು. ಆಯಮ್ಮ ಬೀಸಣಿಗೆ ಬೀಸ್ತಾ ಇತ್ತು."

ಬೀಸಣಿಗೆಯನ್ನು ಸೀನಪ್ಪನಿಗೆ ಬೀಸುತ್ತಿದ್ದಳೋ ಒಲೆಗೆ ಬೀಸುತ್ತಿದ್ದಳೋ, ಅದನ್ನು ಅಂಬಿಕ ಹೇಳಲಿಲ್ಲ, ಗಂಗರತ್ನಮ್ಮ ಕೇಳಲೂ ಇಲ್ಲ. ಕಾಮಾಲೆ ಕಣ್ಣಿಗೆ ಇಷ್ಟು ಹಳದಿ ಸಾಕಾಗಿತ್ತು.

ಅವತ್ತು ಸಂಜೆ ಸೀನಪ್ಪ ಸ್ನಾನಕ್ಕೆ ಹೋದಾಗ ಅವನ ಬ್ಯಾಗಿಗೆ ಕೈ ಹಾಕಿದಳು. ಟಿಫನ್ ಬಾಕ್ಸಿನ ಕೆಳಗೆ ಒಂದು ಸಣ್ಣ ಪೊಟ್ಟಣ. ಬಿಚ್ಚಿದರೆ ಒಣಗಿದ ಹಸಿರು ಎಲೆ, ಸುರುಳಿ ಸುರುಳಿ. ಎಲೆಯ ಜೊತೆ ಕಂದು ಬಣ್ಣಕ್ಕೆ ಹುರಿದ ಅಕ್ಕಿ. ಆ ಅಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಅರಳಿದ ಕಾಳು. ಒಂದನ್ನು ಬೆರಳ ತುದಿಗೆ ತೆಗೆದುಕೊಂಡು ನೋಡಿದಳು. ತಾಯಿಯ ಹೆಣದ ಮುಂದೆ ದಾರಿಯುದ್ದಕ್ಕೂ ಚೆಲ್ಲಿದ್ದ ಪುರಿ ಹೀಗೇ ಇತ್ತು. ಸೊಪ್ಪಿನಲ್ಲಿ ಹೆಣದ ಪುರಿ ಬೆರೆಸಿ ಕುಡಿಸುತ್ತಿದ್ದಾಳೆ ಆ ಹೆಂಗಸು, ನನ್ನ ತಾಯಿಯನ್ನು ತಿಂದ ಮದ್ದು ಈಗ ನನ್ನ ಮಾವನ ಹೊಟ್ಟೆ ಸೇರಿದೆ ಅಂತ ಅವಳಿಗೆ ಖಾತ್ರಿಯಾಯಿತು. ಗಂಡ ಕೈಬಿಟ್ಟು ಹೋಗುತ್ತಾನೆ ಅನ್ನುವ ಹೊಟ್ಟೆಕಿಚ್ಚು ಇತ್ತು, ಇಲ್ಲ ಅನ್ನಲಾಗದು. ಅದಕ್ಕಿಂತ ದೊಡ್ಡದು ಅವನು ಸತ್ತೇಹೋಗುತ್ತಾನೆ ಅನ್ನುವ ಭಯ. ಒಂದು ಚಿಟಿಕೆ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು, ಪೊಟ್ಟಣವನ್ನು ಇದ್ದ ಹಾಗೇ ಇಟ್ಟಳು.

ಕಾಮಸಮುದ್ರದ ಕಡೆ ಮುನಿಗಂಗಮ್ಮ ಅಂತ ಮದ್ದು ತೆಗೆಯುವ ಮುದುಕಿ ಇದ್ದಳು, ಮರುದಿನವೇ ಗಂಗರತ್ನಮ್ಮ ಅಲ್ಲಿಗೆ ಹೋದಳು. ಅವಳು ಆ ಚಿಟಿಕೆಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. "ಸೇರೋಗದೆ ಕಣಮ್ಮ. ಕರುಳಿಗೆ ಕಚ್ಕೊಂಡದೆ. ಕಕ್ಕಿಸಬೇಕು" ಅಂದಳು. ಒಂದು ಬೂದು ಬಣ್ಣದ ಪುಡಿ ಕೊಟ್ಟಳು. ಹಾಲಲ್ಲೇ ಕೊಡಬೇಕು, ಅವನಿಗೆ ಗೊತ್ತಾಗಬಾರದು ಅಂದಳು. ಎಂಥ ತಮಾಷೆ ನೋಡಿ. ಊರಿನವರ ಹಾಲನ್ನೆಲ್ಲ ಉಗುರಿನ ಮೇಲೆ ಬಿಟ್ಟು ನೋಡುವ ಗಂಗರತ್ನಮ್ಮ ಆ ಪುಡಿಯನ್ನು ಮೂಸಿ ಕೂಡ ನೋಡಲಿಲ್ಲ. ಗಂಡನನ್ನು ಬಿಟ್ಟರೆ ಮೊದಲ ಸಲ ಒಬ್ಬರನ್ನು ನಂಬಿದಳು, ಅದೂ ಇಂಥವಳನ್ನು.

ಮಾರನೆಯ ಬೆಳಿಗ್ಗೆ ಟೀ ಕುದಿಸಿ, ಬೆಲ್ಲ ಜಾಸ್ತಿ ಹಾಕಿ, ಪುಡಿ ಬೆರೆಸಿ, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು, ಗಂಡನ ಎದುರು ನಿಂತಳು.

"ಇವತ್ತು ಪೂರ್ತಿ ಕುಡೀಬೇಕು ಮಾವ. ನನ್ನಾಣೆ."

ಸೀನಪ್ಪ ಲೋಟ ನೋಡಿದ, ಹೆಂಡತಿಯ ಮುಖ ನೋಡಿದ. "ಆಣೆ ಯಾಕ ಆಕ್ತೀಯ, ಕೊಡು" ಅಂತ ಒಂದೇ ಉಸಿರಿಗೆ ಕುಡಿದು, ಬ್ಯಾಗ್ ಹೆಗಲಿಗೇರಿಸಿ ಹೊರಟ. ಲೋಟದ ಕಡೆ ಮೂಗು ಕೂಡ ತಿರುಗಿಸಿರಲಿಲ್ಲ. ಅವಳು ಡೈರಿಗೆ ಹೋಗಿ ಕೂತಳು. ಇವತ್ತು ಕಕ್ಕಿ ಹಗುರಾಗುತ್ತಾನೆ, ಮದ್ದು ಬಿಡುತ್ತದೆ, ಆ ರಾಧಳ ಆಟ ಮುಗಿಯುತ್ತದೆ ಅಂತ ಮನಸ್ಸು ನಿರಾಳವಾಗಿತ್ತು.

ಹಾಲಿನ ವ್ಯಾನ್ ಹೋದ ಸ್ವಲ್ಪ ಹೊತ್ತಿಗೆ ಸೀನಪ್ಪನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಹೆಂಗಸಿನ ದನಿ.

"ಅಣ್ಣೀ, ನಾನು ರಾಧ, ಊರಿಗಾಂನಿಂದ. ಅಣ್ಣನಿಗೆ ವಾಂತಿ ನಿಲ್ತಾ ಇಲ್ಲ, ಕೈಕಾಲೆಲ್ಲ ತಣ್ಣಗಾಗ್ಬಿಟ್ಟಿದೆ. ಆಟೋದಲ್ಲಿ ರಾಬರ್ಟ್‌ಸನ್‌ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ನೀವು ಬೇಗ ಬನ್ನಿ."

ಅಣ್ಣಿ ಅಂದರೆ ತಮಿಳರಲ್ಲಿ ಅತ್ತಿಗೆ. ಬಂಗಾರಪೇಟೆ ಸಂತೆಯಲ್ಲಿ ಓಡಾಡಿದ ಯಾರಿಗಾದರೂ ಅಷ್ಟು ತಮಿಳು ಬರುತ್ತದೆ. ಆದರೆ ಅವಳ ಕಿವಿಗೆ ಬಿದ್ದದ್ದು ತಣ್ಣಗಾಗಿದೆ ಅನ್ನುವ ಮಾತೊಂದೇ. ಚಪ್ಪಲಿ ಮೆಟ್ಟದೆ ಆಟೋ ಹತ್ತಿದಳು. ದಾರಿಯುದ್ದಕ್ಕೂ ಮುನೇಶ್ವರನಿಗೆ ಹರಕೆ ಹೊರುತ್ತ, ಅದೇ ಉಸಿರಿನಲ್ಲಿ ಮುನಿಗಂಗಮ್ಮನನ್ನು ಬಯ್ಯುತ್ತ, ರಾಧಳನ್ನೂ ಬಯ್ಯುತ್ತ ಹೋದಳು. ತನ್ನನ್ನು ಬಯ್ದುಕೊಳ್ಳುವ ಧೈರ್ಯ ಇನ್ನೂ ಬಂದಿರಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ಸೀನಪ್ಪ ಹಿಂಡಿದ ಬಟ್ಟೆಯಾಗಿದ್ದ. ಕೈಗೆ ಡ್ರಿಪ್ಸ್. ಪಕ್ಕದಲ್ಲಿ ನಿಂತಿದ್ದ ರಾಧಳ ಸೀರೆಯೆಲ್ಲ ಅವನ ವಾಂತಿ. ಡಾಕ್ಟರಮ್ಮ ಕೇಳಿದರು. "ಬೆಳಿಗ್ಗೆ ಏನು ತಗೊಂಡಿದ್ರು?"

"ಆಲು ಟೀ ಅಷ್ಟೇ ಮೇಡಂ. ಆಲು ನನ್ಗೆ ಆಗಲ್ಲ" ಅಂದ ಸೀನಪ್ಪ, ಕಣ್ಣು ತೆರೆಯದೆ. "ನನ್ ಎಂಡ್ತಿಗೆ ಏಳ್ಬೇಡಿ."

"ಬರೀ ಹಾಲಿಗೆ ಹೀಗಾಗಲ್ಲ. ಬೇರೆ ಏನಾದ್ರೂ ತಿಂದಿರಬೇಕು. ಅದು ಗೊತ್ತಾಗದೆ ಔಷಧಿ ಕೊಡೋದು ಕಷ್ಟ" ಅಂದರು ಡಾಕ್ಟರಮ್ಮ. ರಾಧಳ ಕಡೆ ತಿರುಗಿದರು. "ನಿಮ್ಮ ಮನೇಲಿ ಏನಾದ್ರೂ ಕೊಟ್ರಾ?"

ನೋಡಿ, ದೇವರೇ ಬಾಗಿಲು ತೆರೆದಿಟ್ಟಂತಿತ್ತು. ಗಂಗರತ್ನಮ್ಮ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕು, ತಪ್ಪೆಲ್ಲ ಆ ತಮಿಳು ಹೆಂಗಸಿನ ತಲೆಗೆ ಹೋಗುತ್ತಿತ್ತು. ಒಂದು ಕ್ಷಣ ನಿಂತದ್ದೂ ಹೌದು. ಸೀನಪ್ಪನ ಉಗುರುಗಳು ನೀಲಿಯಾಗಿದ್ದವು. ಅವಳು ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಪುಡಿಯನ್ನು ಡಾಕ್ಟರಮ್ಮನ ಕೈಯಲ್ಲಿಟ್ಟಳು.

"ನಾನೇ ಆಕ್ದೆ. ಟೀನಲ್ಲಿ" ಅಂದಳು.

ಸೀನಪ್ಪ ಕಣ್ಣು ತೆರೆದ. ಅವಳನ್ನೇ ನೋಡಿದ. ಬಯ್ಯಲಿಲ್ಲ. ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಡಾಕ್ಟರಮ್ಮ ಮಾತ್ರ ಚೆನ್ನಾಗಿ ಉಗಿದರು. ಇದು ಯಾವುದೋ ವಿಷದ ಬೀಜ, ಬೇಗ ಕರೆತಂದದ್ದಕ್ಕೆ ಬದುಕಿದರು, ಆ ಹೆಂಗಸಿಗೆ ಕೈಮುಗಿಯಿರಿ ಅಂದರು.

ಎರಡು ದಿನ ಬಿಟ್ಟು ಮನೆಗೆ ಕಳಿಸಿದರು. ರೈಲಿಗೆ ಇನ್ನೂ ಹೊತ್ತಿತ್ತು. ರಾಧ ಬಿಡಲಿಲ್ಲ, ಇಬ್ಬರನ್ನೂ ತನ್ನ ಲೈನ್ ಮನೆಗೆ ಕರೆದುಕೊಂಡು ಹೋದಳು. ಅವಳ ಅಪ್ಪ ಗಣಿಯಲ್ಲಿದ್ದಾಗ ಕೊಟ್ಟ ಮನೆ, ಒಂದು ಕೋಣೆ, ಒಂದು ಜಗುಲಿ. ಒಳಗೆ ಬಂದ ಗಂಗರತ್ನಮ್ಮನ ಕಣ್ಣು ಬುದ್ಧಿ ಬಿಡದೆ ಮೂಲೆ ಮೂಲೆ ಹುಡುಕಿತು. ಇಡ್ಲಿ ಪಾತ್ರೆ, ವೇಲಾಂಕಣಿ ಮಾತೆಯ ಪಟ, ಒಂದು ಬಾಣಲೆ. ಬೇರೇನೂ ಇಲ್ಲ.

ರಾಧ ಪಾಲಿಶ್ ಮಾಡದ ಕಂದು ಅಕ್ಕಿಯನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿದಳು. ಬೀಸಣಿಗೆಯಿಂದ ಒಲೆಯ ಕೆಂಡಕ್ಕೆ ಗಾಳಿ ಹಾಕಿದಳು. ಅಕ್ಕಿ ಕೆಂಪಗಾಗಿ, ಕೆಲವು ಕಾಳು ಚಟಪಟ ಅಂತ ಬೆಳ್ಳಗೆ ಅರಳಿದವು. ಗಂಗರತ್ನಮ್ಮ ಹೆಣದ ಪುರಿ ಅಂದುಕೊಂಡದ್ದು ಅದೇ. ಅರಳಿದ ಕಾಳೊಂದನ್ನು ರಾಧ ಬಾಯಿಗೆ ಹಾಕಿಕೊಂಡು ಅಗಿದಳು.

"ನರಸಾಪುರದ ಹತ್ರ ಗೆಸ್ಟ್ ಹೌಸ್‌ನಲ್ಲಿ ಅಡುಗೆಗಿದ್ದೆ ಅಣ್ಣಿ. ಫ್ಯಾಕ್ಟರಿ ಕೆಲಸಕ್ಕೆ ಬಂದ ಜಪಾನಿನವರು ಇರ್ತಿದ್ರು. ಅವ್ರು ದಿನಾ ಇದನ್ನೇ ಕುಡಿಯೋರು. ಗೆನ್‌ಮೈಚಾ ಅಂತಾರೆ. ಬರೀ ಗ್ರೀನ್ ಟೀ, ಹುರಿದ ಅಕ್ಕಿ. ಅಲ್ಲೇ ಕಲ್ತಿದ್ದು."

ನೀರು ಕುದಿಯಿತು. ರಾಧ ಇಳಿಸಿ ಪಕ್ಕಕ್ಕಿಟ್ಟು ಸುಮ್ಮನೆ ಕೂತಳು.

"ಸೊಪ್ಪು ಆಕಲ್ವಾ?" ಅಂತ ಕೇಳಿದಳು ಗಂಗರತ್ನಮ್ಮ. ಅವಳಿಗೆ ಗೊತ್ತಿದ್ದ ಟೀ ಅಂದರೆ ಬಣ್ಣ ಬಿಡುವವರೆಗೆ ಕುದಿಸಿ ಕುದಿಸಿ ಕೊಲ್ಲುವುದು.

"ಕುದಿಯೋ ನೀರು ಹಾಕಿದ್ರೆ ಕಹಿಯಾಗ್ತದೆ. ಸ್ವಲ್ಪ ಆರಬೇಕು." ಆರಿದ ಮೇಲೆ ಎಲೆಗೂ ಅಕ್ಕಿಗೂ ಸುರಿದು, ಮುಚ್ಚಿ, ಹೆಚ್ಚು ಹೊತ್ತು ಬಿಡದೆ ಸೋಸಿದಳು. ತಿಳಿ ಹಳದಿ ನೀರು. ಹೊಸ ಗಡಿಗೆಯಲ್ಲಿ ಅನ್ನ ಬೆಂದಂಥ ಪರಿಮಳ.

ಲೋಟ ಕೈಗೆ ಬಂದದ್ದೇ ಸೀನಪ್ಪ ಕುಡಿದ. ನೋಡಲಿಲ್ಲ, ಮೂಸಲಿಲ್ಲ. ಕುಡಿದು ಉಸ್ ಅಂತ ಗೋಡೆಗೊರಗಿದ. ಗಂಗರತ್ನಮ್ಮ ತನ್ನ ಲೋಟದ ತಳ ನೋಡಿದಳು, ಚಟ. ರಾಧ ಕಂಡೂ ಕಾಣದವಳ ಹಾಗೆ ಬಾಣಲೆ ಒರೆಸಿದಳು. ಇವಳು ಬಾಯಿಗಿಟ್ಟಳು. ಹಾಲಿಲ್ಲದ, ಬೆಲ್ಲವಿಲ್ಲದ ಟೀ. ಮೊದಲು ಏನೂ ಅನ್ನಿಸಲಿಲ್ಲ. ನುಂಗಿದ ಮೇಲೆ, ಚಿಕ್ಕಂದಿನಲ್ಲಿ ಜ್ವರ ಬಂದಾಗ ತಾಯಿ ಹುರಿದ ಅಕ್ಕಿಯ ಗಂಜಿ ಕುಡಿಸುತ್ತಿದ್ದ ರುಚಿ ನಾಲಿಗೆಯ ಮೇಲೆ ಉಳಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಹೊಗೆ ಅಂತ ಒರೆಸಿಕೊಂಡಳು.

"ಅಣ್ಣ ದಿನಾ ಬೆಳಿಗ್ಗೆ ಬಂದು ಹೊಟ್ಟೆ ಹಿಡ್ಕೊಂಡು ಈ ಜಗುಲಿ ಮೇಲೆ ಮಲಗ್ಬಿಡೋರು. ವರ್ಷಾನುಗಟ್ಟಲೆ. ಹಾಲು ಬಿಡಿ ಅಂತ ಡಾಕ್ಟರು ಹೇಳಿದ್ರಂತೆ. ಮನೇಲಿ ಹೇಳೋಕೆ ಆಗಲ್ಲ ಅಂತಿದ್ರು" ಅಂದಳು ರಾಧ.

ರೈಲಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತರು. ಗಣಿಯ ಮಣ್ಣು ಸುರಿದ ಸಯನೈಡ್ ದಿಬ್ಬಗಳು ಹಿಂದೆ ಸರಿದ ಮೇಲೆ ಅವಳು ಕೇಳಿದಳು.

"ಯಾಕ್ ಮಾವ ನನ್ಗೆ ಏಳ್ಲಿಲ್ಲ?"

"ಏಳಿದ್ದೆ ರತ್ನ."

ಹೇಳಿದ್ದ. ಅವಳಿಗೆ ನೆನಪಾಯಿತು. ಮಗಳನ್ನು ಮದುವೆ ಮಾಡಿ ಕಳಿಸುವುದಕ್ಕೂ ಮುಂಚಿನ ಮಾತು. "ಆಲು ಸರಿ ಓಗ್ತಿಲ್ಲ ಕಣೆ" ಅಂದಿದ್ದ. "ನನ್ ಕೈನ ಆಲು ಸರಿ ಓಗಲ್ವಾ? ಯಾರ್ ಮನೇಲಿ ಏನ್ ತಿಂದು ಬಂದೆ, ಅದ್ ಏಳು ಮೊದ್ಲು" ಅಂತ ಅವಳು ಮೇಲೆ ಬಿದ್ದಿದ್ದಳು. ತಿಂಗಳುಗಟ್ಟಲೆ ಬಿಟ್ಟಿರಲಿಲ್ಲ. ಅವನು ಹೋದ ಮನೆಗಳಿಗೆಲ್ಲ ಹೋಗಿ ವಿಚಾರಿಸಿ ಮಾನ ಕಳೆದಿದ್ದಳು. ಆಮೇಲೆ ಸೀನಪ್ಪ ಆ ಮಾತೆತ್ತಲಿಲ್ಲ. ಕೆನೆಯ ಸಮೇತ ಕುಡಿದ. ಊರಿನ ಹಾಲಿನಲ್ಲಿ ಒಂದು ಚೊಂಬು ನೀರಿದ್ದರೂ ಹಿಡಿಯುವ ತನ್ನ ನಾಲಿಗೆಗೆ, ಮೂಗಿಗೆ, ಕಣ್ಣಿಗೆ, ಪಕ್ಕದಲ್ಲಿ ಮಲಗಿದ ಗಂಡನ ಹೊಟ್ಟೆನೋವು ಕಾಣಲಿಲ್ಲವಲ್ಲ ಅಂತ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಮುನಿಗಂಗಮ್ಮನ ಮನೆಗೆ ಹೋಗಿ ಜಗಳವಾಡಲಿಲ್ಲ. ಪುಡಿ ಅವಳದು, ಕೈ ತನ್ನದು.

ರಾಧ ಕೊಟ್ಟ ಎಲೆ ಇತ್ತು. ಮರುದಿನ ಬೆಳಿಗ್ಗೆ ಅವಳೇ ಅಕ್ಕಿ ಹುರಿದಳು. ಮೊದಲ ಸಲ ಸೀದುಹೋಯಿತು, ಚೆಲ್ಲಿ ಮತ್ತೆ ಹುರಿದಳು. ನೀರು ಕುದಿಸಿ ಇಳಿಸಿ, ಆರುವವರೆಗೆ ಕೈಕಟ್ಟಿ ಕಾದಳು. ಕೊಟ್ಟಿಗೆಯಲ್ಲಿ ಕರೆದ ಹಾಲು ಪಾತ್ರೆಯ ತುಂಬ ನೊರೆಯಾಡುತ್ತಿತ್ತು, ಅದರ ಕಡೆ ತಿರುಗಿ ನೋಡಲಿಲ್ಲ. ಸೋಸಿ, ಲೋಟವನ್ನು ಸೆರಗಿನಲ್ಲಿ ಹಿಡಿದು ತಂದು ಗಂಡನ ಕೈಗಿಟ್ಟಳು.

ಸೀನಪ್ಪ ತೆಗೆದುಕೊಂಡ. ಬಾಯಿಗೆ ಒಯ್ದವನು ಅರ್ಧದಲ್ಲಿ ನಿಲ್ಲಿಸಿದ. ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮೂಸಿದ. ಬೇಕಂತ ಮಾಡಿದ್ದಲ್ಲ, ಅವನ ಕೈ ತಾನಾಗಿಯೇ ಹಾಗೆ ಹೋಯಿತು. ತನಗೇ ನಾಚಿಕೆಯಾಗಿ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕುಡಿಯಲಿಲ್ಲ.

"ಏನೂ ಆಕಿಲ್ಲ ಮಾವ" ಅಂದಳು ಗಂಗರತ್ನಮ್ಮ.

ಡೈರಿಯಲ್ಲಿ ದಿನಾ ಕೇಳುವ ಮಾತು. ತನ್ನ ಬಾಯಿಂದ ಅದು ಎಷ್ಟು ಸುಳ್ಳು ಸುಳ್ಳಾಗಿ ಕೇಳಿಸುತ್ತದೆ ಅಂತ ಅವತ್ತು ಅವಳಿಗೆ ಗೊತ್ತಾಯಿತು. ಸೀನಪ್ಪ ತಲೆಯಾಡಿಸಿದ. ಆದರೂ ಲೋಟ ಎತ್ತಲಿಲ್ಲ. ಅವಳು ಬಗ್ಗಿ ಅವನ ತೊಡೆಯಿಂದ ಲೋಟ ತೆಗೆದು, ಒಂದು ಗುಟುಕು ಕುಡಿದು, ಬಾಯಿ ತೆರೆದು ತೋರಿಸಿ, ವಾಪಸ್ ಕೊಟ್ಟಳು. ಆಗ ಅವನು ಕುಡಿದ.

ಅನುಮಾನದ ಗುಣ ಬಿಟ್ಟಳು ಅಂದುಕೊಂಡರೆ ಅದು ಸುಳ್ಳು. ಡೈರಿಯಲ್ಲಿ ಈಗಲೂ ಹನಿ ಉಗುರಿನ ಮೇಲೆ ನಿಲ್ಲಲೇಬೇಕು. ಅಂಬಿಕ "ಏನೂ ಆಕಿಲ್ಲಕ್ಕ" ಅಂದರೆ ಮಾತ್ರ ಮೊದಲಿನಂತೆ ಕುಡಿಸುವುದಿಲ್ಲ, ಸುಮ್ಮನೆ ಅವಳ ಮುಖ ನೋಡಿ ಹಾಲು ಸುರಿದುಕೊಳ್ಳುತ್ತಾಳೆ. ಮನೆಯಲ್ಲಿ ದಿನಾ ಬೆಳಿಗ್ಗೆ ಅಕ್ಕಿ ಹುರಿದ ವಾಸನೆ. ಯಾರೂ ಕೇಳದಿದ್ದರೂ ಮೊದಲ ಗುಟುಕು ಅವಳೇ ಕುಡಿದು ಲೋಟವನ್ನು ಗಂಡನಿಗೆ ಕೊಡುತ್ತಾಳೆ. ಬೇಡ ಬಿಡು ರತ್ನ ಅಂತ ಅವನು ಇನ್ನೂ ಅಂದಿಲ್ಲ.